ಗೋರಿಯತ್ತ ಮುಖ ಮಾಡಿದ ಹೆಜ್ಜೆಗಳು

"ಆ ಎಜ್ಜೆ ಮ್ಯಾಲೆ ಕೈ ಮಡಗಬ್ಯಾಡ ಕಣವ್ವ," ಎಂದ ನಿಂಗಯ್ಯ.

ಅವನು ಹೇಳುವ ಹೊತ್ತಿಗೆ ನಾನು ಇಟ್ಟಾಗಿತ್ತು. ಬೇಡ ಅಂದ ಕಡೆಗೇ ಮೊದಲು ಕೈ ಹೋಗುವುದು ನನ್ನ ಹುಟ್ಟುಗುಣ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗ ಆ ಗುಣಕ್ಕೇ ಬೈಸಿಕೊಂಡೆ. ಈಗ ಹುಣಸೂರಿನ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಖಾಸಗಿ ಪತ್ತೆ ಕೆಲಸ ಮಾಡುತ್ತ ಅದೇ ಗುಣದಿಂದ ಅನ್ನ ತಿನ್ನುತ್ತಿದ್ದೇನೆ. ಹೆಸರು ಸಾಕಮ್ಮ. ಆದರೆ ಯಾವ ವಿಷಯದಲ್ಲೂ ಇಷ್ಟು ಸಾಕು ಅಂತ ನನಗೆ ಅನ್ನಿಸಿದ್ದಿಲ್ಲ.

ಹನಗೋಡಿನ ಹೊರಗೆ, ಲಕ್ಷ್ಮಣತೀರ್ಥದ ದಂಡೆಯ ಮೇಲೆ ಹೊಳೆಬಾಬಯ್ಯನ ಗೋರಿ ಇದೆ. ಅದರ ಪೂಜಾರಿ ಅಂಕಯ್ಯ ಹೋದ ವಾರದಿಂದ ಕಾಣೆಯಾಗಿದ್ದರು. ಅವರನ್ನು ಹುಡುಕಿಕೊಡಿ ಎಂದು ಮಗಳು ಲಕ್ಷ್ಮಿದೇವಿ ನನ್ನನ್ನು ಕರೆತಂದಿದ್ದಳು. ಹಿಂದಿನ ಕಥೆ ಇಷ್ಟು ಗೊತ್ತಿದ್ದರೆ ನಡೆಯುತ್ತದೆ.

ನೆಲ ತಣ್ಣಗಿತ್ತು. ಕಾವಿ ಬಣ್ಣದ, ಮುಖ ಕಾಣುವಂತೆ ಉಜ್ಜಿದ ನೆಲ. ಅದರ ಮೇಲೆ ಬಾಗಿಲಿಗೂ ಗೋರಿಗೂ ನಡುವೆ ಒಂದೇ ಸಾಲು ಬರಿಗಾಲಿನ ಹೆಜ್ಜೆ. ಎಲ್ಲ ಹೆಜ್ಜೆಯ ಬೆರಳೂ ಗೋರಿಯ ಕಡೆಗೆ. ವಾಪಸು ಬಂದ ಹೆಜ್ಜೆ ಒಂದೂ ಇಲ್ಲ, ಕಟ್ಟಡಕ್ಕೆ ಇನ್ನೊಂದು ಬಾಗಿಲೂ ಇಲ್ಲ.

ಅಂಕಯ್ಯ ಕಾಣೆಯಾದ ದಿನ ಸಂಜೆ ಗಾರೆ ಮೇಸ್ತ್ರಿ ಚಾಮಯ್ಯ ಗೋರಿಯ ಸುತ್ತ ಹೊಸದಾಗಿ ಕಟ್ಟಿದ ಈ ಹಾಲ್‌ನ ನೆಲ ಮುಗಿಸಿ, ಅದು ಹಸಿಯಾಗಿರುವಾಗಲೇ ಕದ ಮುಂದೆ ಮಾಡಿಕೊಂಡು ಹೋಗಿದ್ದ. ಧೂಳು ಬೀಳದಿರಲೆಂದು ಗೋರಿಯ ಸುತ್ತ ಹಸಿರು ಪರದೆ ಇಳಿಬಿಟ್ಟಿದ್ದರು. ಬಾಬಯ್ಯನ ಪರದೆ ಸರಿಸಿ ಇಣುಕುವ ಧೈರ್ಯ ಅವನಿಗೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಕದ ತೆಗೆದವರಿಗೆ ಈ ಹೆಜ್ಜೆಗಳು ಕಂಡವು. ಪರದೆಯೊಳಗೆ ಅಂಕಯ್ಯನವರ ಏಕತಾರಿ ಇತ್ತು, ಅಂಕಯ್ಯ ಇರಲಿಲ್ಲ.

ಊರಿಗೆ ಅಷ್ಟು ಸಾಕಾಯಿತು. ಅಂಕಯ್ಯ ಬಾಬಯ್ಯನಲ್ಲಿ ಐಕ್ಯರಾದರು ಎಂದು ಅದೇ ಬೆಳಿಗ್ಗೆ ತೀರ್ಮಾನವಾಯಿತು. ಅವರ ಚಪ್ಪಲಿ ತಂದು ಅಳೆದೂ ನೋಡಿದರಂತೆ, ಸರಿಹೊಂದಿತಂತೆ. ಆ ಚಪ್ಪಲಿ ಹಿಡಿಸುವ ಕಾಲು ಹುಣಸೂರು ತಾಲ್ಲೂಕಿನಲ್ಲಿ ಮನೆಗೊಂದು ಸಿಕ್ಕೀತು, ಆದರೆ ಪವಾಡ ಬೇಕಾದವರಿಗೆ ಅಳತೆ ಯಾವಾಗಲೂ ಸರಿಹೊಂದುತ್ತದೆ.

ನಾನು ಹೆಜ್ಜೆಯ ಮೇಲೆ ಬೆರಳಾಡಿಸಿದೆ. ಕಾಲ್ಬೆರಳು ಊರಿದ ಕಡೆ ಕಡಲೆಕಾಳಿನಷ್ಟು ಆಳ. ಹಿಮ್ಮಡಿಯ ಕಡೆ ನೆಲ ಹೆಚ್ಚುಕಡಿಮೆ ಸಮ. ಹೆಬ್ಬೆರಳಿನ ಗುರುತು ಬಾಗಿಲ ಕಡೆಗೆ ತುಸು ಎಳೆದಂತಿತ್ತು. ನಡೆಯುವಾಗ ನಾವು ಮೊದಲು ಊರುವುದು ಹಿಮ್ಮಡಿಯನ್ನು. ಈತ ಬೆರಳನ್ನೇ ಮೊದಲು ಊರಿದ್ದ.

ಹೊಸ್ತಿಲಿನ ಕಲ್ಲಿನ ಮೇಲೂ ಒಂದು ಗುರುತಿತ್ತು, ಒಣಗಿದ ಕೆಂಪು ಬೆರಳಚ್ಚು. ಒಳಗೆ ಬರುವಾಗ ಹೊಸ್ತಿಲು ಮುಟ್ಟಿ ನಮಸ್ಕರಿಸಿದ್ದು ಎಂದಿದ್ದರು ಜನ. ಹಸಿ ನೆಲ ಮೆಟ್ಟುವ ಮೊದಲೇ ಅದರ ಕೆಂಪು ಬೆರಳಿಗೆ ಹೇಗೆ ಹತ್ತಿತು ಎಂದು ಯಾರೂ ಕೇಳಿರಲಿಲ್ಲ.

ಆಗ ನೆಲದ ಕೆಳಗಿನಿಂದ ಅಂಕಯ್ಯ ಹಾಡಿದರು.

"ಮಣ್ಣಿನ ಮನೆಯೊಳಗೆ ದೀಪ ಹಚ್ಚಿಟ್ಟವ್ನೆ, ಕದವ ತೆಗೆಯೋರು ಯಾರಣ್ಣ..."

ಧ್ವನಿಮುದ್ರಣ ಎಂದು ನನಗೆ ಗೊತ್ತು. ಗೋರಿಯ ಸುತ್ತ ಹಿತ್ತಾಳೆಯ ತೂತುಬಿಲ್ಲೆಗಳಿವೆ, ಅವುಗಳ ಅಡಿಯಲ್ಲಿ ಸ್ಪೀಕರ್‌ಗಳಿವೆ. ಗುಮ್ಮಟ ಆ ದನಿಯನ್ನು ಹಿಡಿದು ತಲೆಯ ಮೇಲೆ ನಿಧಾನ ಸುರಿಯುತ್ತದೆ. ಎಲ್ಲ ಗೊತ್ತಿದ್ದೂ ನಾನು ನೆಲದಿಂದ ಕೈ ಕಿತ್ತುಕೊಂಡೆ. ಸುತ್ತ ಕೂತಿದ್ದ ಹೆಂಗಸರು ಹೆಜ್ಜೆಗಳ ಮುಂದೆ ಸಕ್ಕರೆ ಪೊಟ್ಟಣ ಬಿಚ್ಚಿ ಕೈ ಮುಗಿದರು.

ಲಕ್ಷ್ಮಿದೇವಿ ಗೋಡೆಗೆ ಒರಗಿ ಕಿವಿ ಮುಚ್ಚಿಕೊಂಡಿದ್ದಳು. "ಈ ದನೀನ ನಿಲ್ಸಿ ಅಂತ ದಿನಾ ಬಡ್ಕತೀನಿ ಅಕ್ಕ. ಯಾರೂ ನಿಲ್ಸಕಿಲ್ಲ."

"ನಿಮ್ಮಪ್ಪ ಆಡ್ತಾವ್ನೆ, ನಿಲ್ಸು ಅಂತೀಯಲ್ಲ," ಎಂದ ನಿಂಗಯ್ಯ. ಅವನು ಅಂಕಯ್ಯನವರ ತಮ್ಮ. ಈಗ ನವಿಲುಗರಿಯ ಕಟ್ಟು ಹಿಡಿದು, ಭಕ್ತರು ತಂದ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಕೊಡುವ ಕೆಲಸ ಅವನಿಗೇ ಬಂದಿದೆ. "ನಾಳೆ ಗುರುವಾರ. ಸಂಜೆ ಗಂಧ ಏರ್ಸಿ ಅಣ್ಣನ ಎಸರಲ್ಲಿ ಚಾದರ ಒದಿಸ್ತೀವಿ. ಈ ಎಜ್ಜೆಗೆ ಗಾಜು ಆಕುಸ್ತೀವಿ. ಆಮ್ಯಾಕೆ ಅವನ್ನ ಉಡುಕಂಗಿಲ್ಲ ಕಣವ್ವ. ದ್ಯಾವ್ರಾದೋನ್ನ ಉಡುಕೋದು ಅಪಚಾರ."

"ನಿಮ್ಗೆ ದ್ಯಾವ್ರು ಬೇಕಾಗವ್ನೆ ಚಿಕ್ಕಪ್ಪ," ಎಂದಳು ಲಕ್ಷ್ಮಿದೇವಿ. "ನಂಗೆ ಅಪ್ಪ ಬೇಕು."

ನಿಂಗಯ್ಯ ನವಿಲುಗರಿಯ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ ಮುಖ ಒರೆಸಿಕೊಂಡ. ಅವನ ಕಣ್ಣೂ ತುಂಬಿತ್ತು. ಕಳ್ಳನೊಬ್ಬ ಅಳುವುದಕ್ಕೂ ಅಣ್ಣನನ್ನು ಕಳೆದುಕೊಂಡವನು ಅಳುವುದಕ್ಕೂ ವ್ಯತ್ಯಾಸ ನನಗೆ ಗೊತ್ತು. ಅವನನ್ನು ಮನಸ್ಸಿನಲ್ಲೇ ಸಂಶಯದ ಸಾಲಿನಿಂದ ಆಚೆ ಕೂರಿಸಿದೆ.

ಉಳಿದವರು ಇಬ್ಬರು. ಒಬ್ಬ ಈ ಹಾಲ್ ಕಟ್ಟಿದ ವಾಸ್ತುಶಿಲ್ಪಿ ಧರ್ಮೇಂದ್ರ, ಇನ್ನೊಬ್ಬ ಅದಕ್ಕೆ ಹಾಡು ತುಂಬಿದವನು. ಹಾಡಿನವನು ಅಷ್ಟರಲ್ಲಿ ತಾನೇ ಬಂದ.

ಹೆಸರು ಸುನೀಲ್‌ಕುಮಾರ್, ಕೆ.ಆರ್. ನಗರದ ಕಬ್ಬಿನ ಗದ್ದೆಯವರ ಮಗ. ಈಗ ಯೂಟ್ಯೂಬಿನಲ್ಲಿ ಫಕೀರ. ಹಸಿರು ಪೇಟ, ಕಣ್ಣಿಗೆ ಕಾಡಿಗೆ, ಕತ್ತಿನಲ್ಲಿ ಕೊಪ್ಪದ ಟಿಬೆಟನ್ನರ ಅಂಗಡಿಯಲ್ಲಿ ಕೊಂಡ ಜಪಮಾಲೆ. ಅಂಕಯ್ಯನವರ ತತ್ವಪದಕ್ಕೆ ಕವ್ವಾಲಿಯ ಚಪ್ಪಾಳೆ ಸೇರಿಸಿ, ಅಡಿಯಲ್ಲಿ ಎದೆ ನಡುಗಿಸುವ ಒಂದು ಯಂತ್ರದ ಗುಡುಗು ಬಿಟ್ಟಿದ್ದ. ಅಂಕಯ್ಯ ಕಾಣೆಯಾದ ಮೇಲೆ ಆ ಹಾಡು ಊರೂರು ಸುತ್ತುತ್ತಿತ್ತು.

"ಸೂಫಿ ಅಂದ್ರೆ ಒಂದು ಫೀಲ್, ಮೇಡಂ," ಎಂದ. "ನಾನು ಅನ್ನೋದು ಕರಗಿ ಹೋಗ್ಬೇಕು."

"ಪೋಸ್ಟರ್ ಮೇಲೆ ನಿನ್ನ ಮುಖ ಬಾಗಿಲಷ್ಟು ದೊಡ್ಡದಾಗಿದೆಯಲ್ಲಪ್ಪ, ಅದು ಯಾವಾಗ ಕರಗುತ್ತೆ?"

ಅವನು ನಕ್ಕ. ಪಾಪದ ಹುಡುಗ, ಸಿಟ್ಟು ಬರುವುದಿಲ್ಲ. "ನಿಜ ಹೇಳ್ತೀನಿ ಮೇಡಂ, ಅಂಕಯ್ಯನೋರು ನಂಗೆ ಬೈತಿದ್ರು. ಆದ್ರೆ ಹಾಡು ರೆಕಾರ್ಡ್ ಮಾಡೋಕೆ ಬೇಡ ಅಂದಿರಲಿಲ್ಲ. ಅವರ ಸಿಟ್ಟೆಲ್ಲ ಆ ಕಾಲುವೆ ಮೇಲೆ."

"ಯಾವ ಕಾಲುವೆ?"

"ಸ್ಪೀಕರ್ ಇಳಿಸೋಕೆ ಗೋರಿ ಸುತ್ತ ತೋಡಿದ್ದು. ಮೂರು ಬದಿ ತೋಡಿ, ಪಡುವಣ ಬದಿ ಮುಟ್ಟಬೇಡಿ ಅಂತ ಮಾತಾಗಿತ್ತು. ಕೂಲಿಯೋರು ನಾಲ್ಕೂ ಬದಿ ತೋಡಿಬಿಟ್ರು. ಅಂಕಯ್ಯನೋರು ಆವತ್ತು ಏನು ಕೂಗಾಡಿದ್ರು ಅಂತೀರಿ. ಅದನ್ನ ಧರ್ಮೇಂದ್ರ ಸಾರ್ ಸರಿ ಮಾಡ್ತೀನಿ ಅಂದ್ರು. ಮೂರೇ ಕಡೆ ಸ್ಪೀಕರ್ ಹಾಕಿದೀನಿ, ನೋಡಿ."

ನೋಡಿದೆ. ಹಿತ್ತಾಳೆಯ ಬಿಲ್ಲೆ ಮೂರು ಬದಿಗೆ ಇದ್ದವು. ಪಡುವಣ ಬದಿಯಲ್ಲಿ ಬರೀ ಕೆಂಪು ನೆಲ. ಅದರ ಬಣ್ಣ ತುಸು ಗಾಢವಾಗಿತ್ತು. ಜನ ಸುರಿದ ಅತ್ತರು ಕುಡಿದಿರಬೇಕು ಎಂದುಕೊಂಡೆ.

ಸುನೀಲ್‌ಕುಮಾರನಿಗೆ ಫೋನ್ ಬಂತು. "ಕೆ.ಆರ್. ನಗರದಲ್ಲಿ ಪ್ರೋಗ್ರಾಂ ಇದೆ, ಹೊರಟೆ," ಎಂದು ಗೋರಿಗೆ ಬೆನ್ನು ತಿರುಗಿಸಿ, ಫೋನಿನಲ್ಲಿ ನಗುತ್ತ ಹೊರಗೆ ಹೋದ.

"ಬೆನ್ನು ತೋರ್ಸ್‌ಕೊಂಡು ಓಯ್ತದೆ, ಪಕೀರನಂತೆ," ಎಂದಳು ಗೋರಿಯ ಹತ್ತಿರ ಕೂತಿದ್ದ ಮುದುಕಿ.

ಅವಳು ಬೀರಮ್ಮ. ಎಚ್.ಡಿ. ಕೋಟೆ ಕಡೆಯವಳು, ನಾನು ಬಂದಾಗಲೆಲ್ಲ ಇಲ್ಲೇ ಇರುತ್ತಾಳೆ. ಅಂಕಯ್ಯ ಕಾಣೆಯಾದ ದಿನ ಮಧ್ಯಾಹ್ನ ಹಾಲ್‌ನೊಳಗೆ ಹೋದದ್ದನ್ನು ಕಂಡವಳೂ ಇವಳೊಬ್ಬಳೇ. ಕೈ ಎಷ್ಟು ನಡುಗುತ್ತಿತ್ತೆಂದರೆ ಪೊಟ್ಟಣದ ಸಕ್ಕರೆ ಅರ್ಧ ಸೀರೆಯ ಮೇಲೆ ಚೆಲ್ಲಿತ್ತು. ಅವಳು ಎದ್ದು, ಗೋರಿಗೆ ಕೈ ಮುಗಿದುಕೊಂಡೇ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಬಂದು, ನೇರ ನನಗೆ ಬಂದು ಡಿಕ್ಕಿ ಹೊಡೆದಳು.

"ನೋಡ್ಕೊಂಡು ಬಾರವ್ವ," ಎಂದೆ.

"ಇಂದುಗಡೆ ನಂಗೆ ಕಣ್ಣೈತಾ?" ಎಂದಳು. "ಬಾಬಯ್ಯಂಗೆ ಬೆನ್ನು ತೋರ್ಸಬಾರ್ದು. ಒಸ್ಲು ದಾಟಿ, ಒಸ್ಲು ಮುಟ್ಟಿ, ಆಮ್ಯಾಕೆ ತಿರುಗ್ಬೇಕು. ನನ್ ಮಗ ನಡಿಯಾದು ಕಲ್ತಿದ್ದೇ ಇಲ್ಲಿ, ಇಂದಕ್ಕೆ. ಈಗ ದೊಡ್ಡ ಮನ್ಸ ಆಗವ್ನೆ. ನಾನು ಯಾರು ಅಂತ್ಲೂ ಯಾರ್‌ಗೂ ಯೋಳಕಿಲ್ಲ."

ಅವಳು ಹೊಸ್ತಿಲು ದಾಟಿದಳು. ಹೊರಗೆ ನಿಂತು, ಒಳಮುಖವಾಗಿ ಬಗ್ಗಿ, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಬೆರಳು ತಾಗಿದ್ದು ಆ ಕೆಂಪು ಗುರುತಿನ ಪಕ್ಕದಲ್ಲೇ.

ನನಗೆ ನನ್ನ ಮೇಲೇ ರೇಗಿತು. ಇದೇ ಊರಿನ ಸುತ್ತ ಹುಟ್ಟಿ ಬೆಳೆದು, ಇಂಥ ಹತ್ತು ಗೋರಿಗೆ ಸಕ್ಕರೆ ಓದಿಸಿದವಳು ನಾನು. ಹೆಜ್ಜೆಯ ಬೆರಳು ಎತ್ತ ತೋರಿಸುತ್ತದೋ ಮನುಷ್ಯನೂ ಅತ್ತಲೇ ಹೋಗಿರಬೇಕೆಂದು ಕಣ್ಣು ಮುಚ್ಚಿ ನಂಬಿದ್ದೆ. ಇದು ಒಳಗೆ ಹೋದ ಹೆಜ್ಜೆಯಲ್ಲ. ಯಾರೋ ಪರದೆಯ ಒಳಗಿದ್ದರು. ಚಾಮಯ್ಯ ನೆಲ ಮುಗಿಸಿ ಹೋದ ಮೇಲೆ ಗೋರಿಗೆ ಮುಖ ಮಾಡಿಕೊಂಡೇ ಹಿಂದಕ್ಕೆ ನಡೆದು ಹೊರಬಿದ್ದಿದ್ದರು. ಹೊರಗೆ ಬಂದು, ಕೆಂಪು ಮೆತ್ತಿದ ಬೆರಳಿನಿಂದ ಹೊಸ್ತಿಲು ಮುಟ್ಟಿದ್ದರು.

ಲಕ್ಷ್ಮಿದೇವಿಯನ್ನು ಪಕ್ಕಕ್ಕೆ ಕರೆದೆ. ಬಾಯಿ ತಡೆಯಲಿಲ್ಲ.

"ಈ ಹೆಜ್ಜೆ ಒಳಗೆ ಹೋದದ್ದಲ್ಲ ಕಣೇ. ಹೊರಗೆ ಬಂದದ್ದು."

ಅವಳು ನನ್ನ ಮುಖವನ್ನೇ ನೋಡಿದಳು. "ಅಂಗಂದ್ರೆ ಅಪ್ಪ ಈಚೆ ಬಂದವ್ರೆ?"

"ಹೊರಗೆ ಬಂದ ಕಾಲು ಅಂತ ಮಾತ್ರ ಹೇಳ್ತಿದ್ದೀನಿ."

ನಾನು ಹೇಳಿದ್ದು ಅಷ್ಟು, ಅವಳು ಕೇಳಿಸಿಕೊಂಡದ್ದು ಬೇರೆ. "ಇಲ್ಲೆಲ್ಲೋ ಅವ್ರೆ ಅಕ್ಕ. ಸಿಟ್ಟು ಮಾಡ್ಕೊಂಡು ಎಲ್ಲೋ ಕುಂತವ್ರೆ. ಅಸ್ಕೊಂಡಿರ್ತಾರೆ," ಎಂದು ಸೆರಗು ಸಿಕ್ಕಿಸಿಕೊಂಡು ಮನೆ ಕಡೆ ಓಡಿದಳು. ತಡೆಯಬೇಕಿತ್ತು. ಅಷ್ಟು ದಿನಗಳ ಮೇಲೆ ಆ ಮುಖದಲ್ಲಿ ಬೆಳಕು ಕಂಡು ನನಗೆ ತಡೆಯಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಜನ ಊಟಕ್ಕೆ ಚದುರಿದಾಗ ಧರ್ಮೇಂದ್ರ ಬಂದ. ಮೈಸೂರಿನ ವಾಸ್ತುಶಿಲ್ಪಿ, ನಲವತ್ತರ ಆಸುಪಾಸು, ಖಾದಿ ಅಂಗಿ, ಮೆಲುದನಿ. ಕೆಲಸಗಾರರ ಜೊತೆ ತಾನೂ ಗಾರೆ ಕಲಸುತ್ತಾನೆ ಎಂದು ಚಾಮಯ್ಯ ಫೋನಿನಲ್ಲಿ ಮೆಚ್ಚಿ ಹೇಳಿದ್ದ. ಷೂ ಹೊರಗೆ ಬಿಟ್ಟು ಒಳಗೆ ಬಂದು ಗುಮ್ಮಟದ ಕೆಳಗೆ ನಿಂತ.

ಕಟ್ಟಡ ಚೆನ್ನಾಗಿದೆ ಎಂದು ಒಪ್ಪಲೇಬೇಕು. ಸುಣ್ಣ ಬಳಿಯದ ಇಟ್ಟಿಗೆಯ ಗುಮ್ಮಟ. ಪಡುವಣಕ್ಕೆ ತೂತುತೂತಿನ ಇಟ್ಟಿಗೆಯ ಜಾಲಂಧ್ರ, ಅದರ ಮೂಲಕ ನೆಲದ ಮೇಲೆ ಬಿಸಿಲಿನ ಚುಕ್ಕಿಗಳು. ಒಳಗೆ ಬಂದರೆ ಮಾತು ತಾನಾಗಿ ಸಣ್ಣದಾಗುತ್ತದೆ. ಹಳೆಯ ಗೋರಿಯ ಮೇಲೆ ಮೊದಲಿದ್ದದ್ದು ಹೆಂಚಿನ ಮಾಡು, ಒಂದು ಬೇವಿನ ಮರ.

"ಸೂಫಿಗಳಿಂದ ನಾನು ತಗೊಂಡಿದ್ದು ಖಾಲಿತನ," ಎಂದ. "ವಿಗ್ರಹ ಇಲ್ಲ, ಚಿತ್ರ ಇಲ್ಲ. ಬರೀ ಬೆಳಕು, ದನಿ. ಈಗಿನ ಕಟ್ಟಡಗಳಿಗೆ, ಕಲೆಗೆ ಆ ಪ್ರಭಾವ ಬೇಕಾಗಿದೆ. ಮನುಷ್ಯ ಇಲ್ಲಿ ನಿಂತು ಚಿಕ್ಕವನಾಗಬೇಕು."

"ಅಂಕಯ್ಯ ಕಾಣದಷ್ಟು ಚಿಕ್ಕವರಾಗಿಬಿಟ್ಟರಲ್ಲ ಸಾರ್."

ಅವನು ನಗಲಿಲ್ಲ. "ಅವರ ಬಗ್ಗೆ ಹಾಗೆ ಮಾತಾಡಬೇಡಿ. ಅವರಿಲ್ಲದೆ ಈ ಜಾಗಕ್ಕೆ ಉಸಿರಿಲ್ಲ."

"ಅವರಿಗೂ ನಿಮಗೂ ಜಗಳವಾಯಿತಂತೆ."

"ಪಡುವಣದ ಕಾಲುವೆಗೆ. ಕೂಲಿಯವರ ತಪ್ಪು. ಮುಚ್ಚಿ ಅಂದ್ರು, ಮುಚ್ಚಿದ್ವಿ."

"ಯಾರು ಮುಚ್ಚಿದ್ದು?"

"ಚಾಮಯ್ಯ."

"ನೆಲ ಹಾಕಿದ್ದೂ ಅವನೇನಾ?"

"ಇನ್ಯಾರು ಹಾಕ್ತಾರೆ?"

ಆ ಪ್ರಶ್ನೆಗೆ ಪ್ರಶ್ನೆ ನನಗೆ ಹಿಡಿಸಲಿಲ್ಲ. ಠಾಣೆಯಲ್ಲಿದ್ದಾಗ ಕಲಿತದ್ದು ಇದು: ನಿಜ ಹೇಳುವವನು ಹೌದು ಅನ್ನುತ್ತಾನೆ, ಪ್ರಶ್ನೆ ಕೇಳುವುದಿಲ್ಲ.

"ನಿಮಗೆ ಬಾಬಯ್ಯನಲ್ಲಿ ನಂಬಿಕೆ ಇದೆಯಾ ಸಾರ್?"

"ನನಗೆ ಆಕಾರದಲ್ಲಿ ನಂಬಿಕೆ, ಗೋರಿಯಲ್ಲಿ ಅಲ್ಲ," ಎಂದ. "ಈ ಕೆಲಸ ಬರುವ ಮೊದಲು ಹನಗೋಡು ಯಾವ ದಿಕ್ಕಿನಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ."

"ಆ ಸಂಜೆ ನೀವು ಎಲ್ಲಿದ್ದಿರಿ?"

"ಮೈಸೂರಲ್ಲಿ. ನಿಮ್ಮ ಪೊಲೀಸಿನವರಿಗೂ ಅದನ್ನೇ ಹೇಳಿದೀನಿ." ಅವನು ಹೆಜ್ಜೆಗಳ ಸಾಲನ್ನು ನೋಡಿದ, ಬೇಗ ಕಣ್ಣು ಕಿತ್ತುಕೊಂಡ. "ಸಾಕಮ್ಮನವರೇ, ನಾಳೆ ಇದಕ್ಕೆ ಗಾಜು ಬರುತ್ತೆ. ಜನ ಎಷ್ಟೋ ದೂರದಿಂದ ನೋಡೋಕೆ ಬರ್ತಾರೆ. ಆ ಹೆಣ್ಣುಮಗಳಿಗೂ ಒಂದು ಗೌರವ ಇರುತ್ತೆ, ಸಂತನ ಮಗಳು ಅಂತ. ಅದನ್ನ ಕೆದಕಿ ಅವಳಿಗೆ ನೀವು ಏನು ಕೊಡ್ತೀರಿ?"

"ಅಪ್ಪ ಏನಾದ ಅಂತ ಹೇಳ್ತೀನಿ."

"ಅದು ಗೊತ್ತಾಗದೇ ಇರೋದೇ ವಾಸಿ ಅಂತ ಇರಬಹುದಲ್ವಾ," ಎಂದ. ದನಿ ಬೆದರಿಸುವಂತಿರಲಿಲ್ಲ, ಬೇಡುವಂತಿತ್ತು. ನನಗೆ ಭಯವಾದದ್ದು ಅದಕ್ಕೇ.

"ಬರ್ತೀನಿ ಸಾರ್," ಎಂದು ನಾನು ಹೊರಟೆ. ಹೊರಗೆ ಬಂದವಳು ಕಟ್ಟಡ ಸುತ್ತಿ ಜಾಲಂಧ್ರದ ಹಿಂದೆ ನಿಂತೆ. ಕದ್ದು ನೋಡುವುದು ಮರ್ಯಾದಸ್ಥರ ಕೆಲಸವಲ್ಲ, ಆದರೆ ಮರ್ಯಾದಸ್ಥರು ಯಾರೂ ನನ್ನ ಕೆಲಸಕ್ಕೆ ಬರುವುದೂ ಇಲ್ಲ.

ಅವನು ಒಬ್ಬನೇ ಇದ್ದ. ಬಹಳ ಹೊತ್ತು ಗೋರಿಯ ಪಡುವಣ ಬದಿಯನ್ನು ನೋಡುತ್ತ ನಿಂತ. ಆಮೇಲೆ ಹೊರಟ.

ಖಾಲಿತನ, ಬೆಳಕು, ಆಕಾರ ಎಂದು ಮಾತಾಡಿದ ಆ ಮನುಷ್ಯ ಗೋರಿಗೆ ಬೆನ್ನು ತಿರುಗಿಸಲಿಲ್ಲ. ಕೈಗಳನ್ನು ಎದೆಯ ಹತ್ತಿರ ಕೂಡಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದ. ಮೊದಲು ಬೆರಳೂರಿ ನೆಲ ತಡಕಿ, ಆಮೇಲೆ ಹಿಮ್ಮಡಿ. ಹೊಸ್ತಿಲು ದಾಟಿದ. ಒಳಮುಖವಾಗಿ ಬಗ್ಗಿ ಕಲ್ಲು ಮುಟ್ಟಿದ.

ತಾನು ಹಾಗೆ ನಡೆದೆನೆಂಬುದು ಅವನಿಗೇ ಗೊತ್ತಿದ್ದಂತಿರಲಿಲ್ಲ. ಷೂ ಹಾಕಿಕೊಂಡು, ಕಾರು ಹತ್ತಿ ಮೈಸೂರಿನ ದಾರಿ ಹಿಡಿದ. ಅಂಥ ನಡಿಗೆಯನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲ. ಮಾತು ಬರುವ ಮೊದಲೇ ಯಾರೋ ಭುಜ ಹಿಡಿದು ಕಲಿಸಿರಬೇಕು. ಹಾಗಿದ್ದರೆ ಹನಗೋಡು ಗೊತ್ತಿಲ್ಲ ಎಂದದ್ದು ಸುಳ್ಳು.

ಲಕ್ಷ್ಮಿದೇವಿಯ ಮನೆಗೆ ನಡೆದೆ. ಹೊತ್ತು ಇಳಿಯುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳಿಂದ ಘಾಟು ದಾರಿಯುದ್ದಕ್ಕೂ ಬಂತು. ಮನೆಯೊಳಗೆ ಬಸ್ಸಾರಿನ ಒಗ್ಗರಣೆ ಚಟಗುಟ್ಟುತ್ತಿತ್ತು. ಒಲೆಯ ಪಕ್ಕ ಅಂಕಯ್ಯನವರ ಕಂಚಿನ ತಟ್ಟೆ ತೊಳೆದಿಟ್ಟಿತ್ತು.

"ಒಂದು ಮಾತು ಕೇಳ್ಬೇಕು ಕಣೇ," ಎಂದೆ. "ನಿಮ್ಮಪ್ಪ ಗೋರಿ ಹತ್ರದಿಂದ ಹೊರಗೆ ಬರುವಾಗ ಹಿಂದಕ್ಕೆ ನಡೀತಿದ್ರಲ್ವಾ?"

ಅವಳು ಮುದ್ದೆ ಕಟ್ಟುತ್ತಿದ್ದಳು. "ಯಾಕಕ್ಕ?"

"ಆ ಹೆಜ್ಜೆ ಹಿಂದಕ್ಕೆ ನಡೆದು ಹೊರಗೆ ಬಂದವರದ್ದು."

ಅವಳ ಕೈ ನಿಂತಿತು. ಬಿಸಿ ಮುದ್ದೆ ಅಂಗೈಯಲ್ಲೇ ಇತ್ತು, ಸುಡುತ್ತಿದ್ದುದು ಅವಳಿಗೆ ಗೊತ್ತಾದಂತಿರಲಿಲ್ಲ.

"ಇಂದಕ್ಕೆ ನಡೆಯೋರು ಬಂದ ಒಕ್ಕಲು, ಭಕ್ತರು," ಎಂದಳು. "ಪೂಜಾರಿ ಮನ್ತನದೋರು ನಡೆಯಕಿಲ್ಲ. ನಾವು ನೆಟ್ಟಗೇ ಬರೋದು. ಬಾಬಯ್ಯ ನಮ್ಮ ಬೆನ್ ಮ್ಯಾಲೆ ಕುಂತು ಮನೆಗಂಟ ಬತ್ತಾನೆ ಅಂತ. ನಮ್ಮಪ್ಪ ಉಟ್ಟಿದಾಗ್ನಿಂದ ಒಂದ್ ದಿನಾನೂ ಇಂದಕ್ಕೆ ನಡೆದಿಲ್ಲ."

ಒಲೆಯ ಮೇಲೆ ಸಾರು ಉಕ್ಕಿತು. ಇಬ್ಬರೂ ಇಳಿಸಲಿಲ್ಲ.

"ಅಂಗಾರೆ ಈಚೆ ಬಂದಿದ್ದು ಅಪ್ಪ ಅಲ್ಲ," ಎಂದಳು. ನನ್ನನ್ನು ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು.

ಅರ್ಧ ಮಾತು ಹೇಳಿ ಅವಳಿಂದ ಅಡುಗೆ ಮಾಡಿಸಿದವಳು ನಾನು. ಆ ತಟ್ಟೆಯನ್ನು ನೋಡಲು ನನ್ನಿಂದ ಆಗಲಿಲ್ಲ. ಕೆಲಸದ ಮಾತನ್ನೇ ಹಿಡಿದುಕೊಂಡೆ.

"ಪಡುವಣ ಬದಿ ಮುಟ್ಟಬೇಡಿ ಅಂದಿದ್ದರಂತೆ. ಯಾಕೆ?"

"ಅಲ್ಲಿ ಬರೀ ಮಣ್ಣು ಬುಟ್ಟಿರ್ಬೇಕು. ಕಾಯಿಲೆಯೋರಿಗೆ, ಬಸುರಿ ಎಂಗುಸ್ರಿಗೆ ಅಲ್ಲಿಂದ್ಲೇ ಒಂದ್ ಚಿಟಿಕೆ ಮಣ್ಣು ಕೊಡೋದು. ಅದನ್ನ ಮುಚ್ಚಿದ್ರೆ ಬಾಬಯ್ಯ ಉಸ್ರಾಡೋದೆಂಗೆ ಅಂತಿದ್ರು. ಕಾಲುವೆ ಮುಚ್ಚಿ ಅಂದ್ರು ನಿಜ. ನೆಲ ಆಕಿ ಅಂತ ನಮ್ಮಪ್ಪ ಸತ್ರೂ ಅನ್ನಕಿಲ್ಲ." ಅವಳು ತಲೆಯೆತ್ತಿದಳು. "ಆ ಪರದೆ ತಗ್ದಾಗಿಂದ ನಾನು ಅಪ್ಪನ್ನೇ ಉಡುಕ್ತಿದ್ದೆ ಅಕ್ಕ. ಮಣ್ಣು ಎಲ್ಲೋಯ್ತು ಅಂತ ನೋಡ್ಲಿಲ್ಲ."

ಚಾಮಯ್ಯನಿಗೆ ಫೋನ್ ಮಾಡಿದೆ. ಅವನು ಆ ಸಂಜೆಯೇ ಕೆಲಸ ಮುಗಿಸಿ ಪಿರಿಯಾಪಟ್ಟಣದ ಕಡೆ ಬೇರೊಂದು ಮನೆ ಹಿಡಿದಿದ್ದ. ಆಮೇಲೆ ಇತ್ತ ಬಂದಿರಲಿಲ್ಲ.

"ಚಾಮಯ್ಯ, ಗೋರಿಯ ಪಡುವಣ ಬದಿ ನೆಲ ಹಾಕಿದ್ದು ಯಾವಾಗ?"

"ಅಲ್ಲಿ ನೆಲ ಎಲ್ಲೈತವ್ವ?" ಎಂದ. "ಮೂರು ಬದಿ ಮುಂಚಿನ ದಿನಾನೇ ಮುಗಿಸಿದ್ದೆ. ಪಡುವಣಕ್ಕೆ ಕಾಲುವೆ ತೆರ್ದೇ ಇತ್ತು. ಮಣ್ಣು ತುಂಬ್ತೀನಿ ಬುಡು ಅಂದ್ರು ಅಂಕಯ್ಯನೋರು, ತಾವೇ."

"ಕೆಂಪು ಗಾರೆ ಮಿಕ್ಕಿತ್ತಾ?"

"ಒಂದ್ ಬಾಂಡ್ಲಿ ಪರದೆ ತಾವ ಇತ್ತು. ಊಟ ಮಾಡ್ಕೊಂಡು ಬಂದು ನೋಡಿದ್ರೆ ಬಾಂಡ್ಲಿ ಕಾಣ್ನಿಲ್ಲ. ಯಾಕವ್ವ?"

ನಾನು ಫೋನ್ ಇಟ್ಟೆ. ಲಕ್ಷ್ಮಿದೇವಿ ಎದುರಿಗೆ ಇರಲಿಲ್ಲ. ಹಿತ್ತಿಲಲ್ಲಿ ಕಬ್ಬಿಣ ಕಲ್ಲಿಗೆ ತಾಗಿದ ಸದ್ದಾಯಿತು. ಅವಳು ಹಾರೆ ಹೆಗಲಿಗಿಟ್ಟುಕೊಂಡು ಹೊರಟಾಗಿತ್ತು.

ಹಿಂದೆ ಓಡುತ್ತಲೇ ಠಾಣೆಗೆ ಫೋನ್ ಮಾಡಿದೆ. ಜೀಪು ಹೊರಟಿದೆ, ಏನನ್ನೂ ಮುಟ್ಟಬೇಡಿ ಎಂದರು. ಅದನ್ನು ಅವಳಿಗೆ ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಹಾಲ್‌ನಲ್ಲಿ ಯಾರೂ ಇರಲಿಲ್ಲ, ನಾಳೆಯ ಗಂಧ ತೇಯಲು ಎಲ್ಲ ನಿಂಗಯ್ಯನ ಮನೆಯಲ್ಲಿದ್ದರು. ಇಳಿಬಿಸಿಲು ಜಾಲಂಧ್ರದಿಂದ ಬಂದು ಗೋರಿಯ ಮೇಲೆಲ್ಲ ಚುಕ್ಕಿಯಾಗಿ ಬಿದ್ದಿತ್ತು.

ಅಂಕಯ್ಯ ಹಾಡುತ್ತಿದ್ದರು. ಮೂಡಣದಿಂದ, ತೆಂಕಣದಿಂದ, ಬಡಗಣದಿಂದ ಅವರ ದನಿ ಬರುತ್ತಿತ್ತು. ಪಡುವಣ ಬದಿ ಮಾತ್ರ ಸುಮ್ಮನಿತ್ತು.

ಲಕ್ಷ್ಮಿದೇವಿ ಆ ಬದಿಗೆ ಮಂಡಿಯೂರಿ, ನೆಲಕ್ಕೆ ಅಂಗೈ ಇಟ್ಟಳು. ಮಲಗಿದವರ ಹಣೆ ಮುಟ್ಟುವಂತೆ ಮುಟ್ಟಿದಳು. ಆಮೇಲೆ ಎದ್ದು ಹಾರೆ ಎತ್ತಿದಳು.

ಮೊದಲ ಏಟು ಜಾರಿತು. ಎರಡನೆಯದಕ್ಕೆ ಕೆಂಪು ಬಿರಿಯಿತು. ಅದು ಹಪ್ಪಳದಷ್ಟು ತೆಳುವಾಗಿತ್ತು, ಕೆಳಗೆ ಕಾಂಕ್ರೀಟಿಲ್ಲ, ಸಡಿಲ ಮಣ್ಣು. ಆ ಮಣ್ಣಿನಲ್ಲಿ ಒಂದು ಹಸಿರು ಬಟ್ಟೆಯ ಅಂಚು ಕಂಡಿತು. ಅಂಕಯ್ಯ ಸದಾ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಶಲ್ಯದ ಬಣ್ಣ ಅದು.

"ದೀಪ ಹಚ್ಚಿಟ್ಟವ್ನೆ, ಕದವ ತೆಗೆಯೋರು..."

ದನಿ ಅಲ್ಲಿಗೇ ನಿಂತಿತು.

ಸ್ವಿಚ್ಚು ಇರುವುದು ಹೊರಗಿನ ಕೋಣೆಯಲ್ಲಿ. ಸುನೀಲ್‌ಕುಮಾರ್ ಕೆ.ಆರ್. ನಗರದಲ್ಲಿದ್ದ, ಧರ್ಮೇಂದ್ರನ ಕಾರು ಹೋದದ್ದನ್ನು ನಾನೇ ನೋಡಿದ್ದೆ. ನೆಲದ ಮೇಲಿನ ಬಿಸಿಲಿನ ಚುಕ್ಕಿಗಳಲ್ಲಿ ಒಂದಷ್ಟು ಆರಿದವು. ಮಧ್ಯಾಹ್ನ ನಾನು ನಿಂತಿದ್ದ ಜಾಗದಲ್ಲಿ, ಜಾಲಂಧ್ರದ ಆಚೆ, ಯಾರೋ ಬಂದು ನಿಂತಿದ್ದರು.

"ಮಣ್ಣ ಕೆದಕಬ್ಯಾಡ ನನ್ನವ್ವ," ಎಂದಿತು ಒಂದು ಮುದಿ ದನಿ. ಬೀರಮ್ಮ. "ನನ್ ಮಗ ಮುಚ್ಚಿದ್ದು ಅಷ್ಟೇಯ. ಅವ್ನು ಕಟ್ಟಿದ ಮನೇಲಿ ಅವ್ನನ್ನೇ ಪೋಲೀಸ್ರಿಗೆ ಇಡ್ಕೊಡಬ್ಯಾಡಿ. ಧರ್ಮ ಏನೂ ಮಾಡಿಲ್ಲ. ಅಂಕಯ್ಯನ ಮ್ಯಾಲೆ ಕೈ ಮಾಡಿದ್ದು ನಾನು."

ಧರ್ಮ. ಧರ್ಮೇಂದ್ರ. ಹಿಂದಕ್ಕೆ ನಡೆಯುವುದನ್ನು ಯಾರು ಕಲಿಸಿದರೆಂದು ಈಗ ಗೊತ್ತಾಯಿತು. ಆದರೆ ಸಕ್ಕರೆ ಪೊಟ್ಟಣ ಹಿಡಿಯಲಾಗದೆ ಚೆಲ್ಲುವ ಆ ಕೈಗಳನ್ನು ಬೆಳಿಗ್ಗೆಯಷ್ಟೇ ನೋಡಿದ್ದೆ. ಆ ಕೈಯಿಂದ ಒಂದು ಸೊಳ್ಳೆಯೂ ಸಾಯುವಂತಿರಲಿಲ್ಲ. ಮಗನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆಯೇ, ಆ ಮಧ್ಯಾಹ್ನ ಪರದೆಯೊಳಗೆ ಏನು ಕಂಡಳು ಎಂದು ಕೇಳಲು ನಾನು ಬಾಯಿ ತೆರೆದೆ.

ಲಕ್ಷ್ಮಿದೇವಿ ಅವಕಾಶ ಕೊಡಲಿಲ್ಲ. ಹಾರೆಯನ್ನು ಸದ್ದಾಗದಂತೆ ಕೆಳಗಿಟ್ಟು, ಬಿರಿದ ನೆಲದ ಪಕ್ಕ ಕೂತು, ಆ ಹಸಿರು ಅಂಚಿನ ಮೇಲಿನ ಮಣ್ಣನ್ನು ಬೆರಳಿನಿಂದ ಒರೆಸಿದಳು. ದಿನವೂ ಆ ದನಿ ನಿಲ್ಲಿಸಿ ಎಂದು ಬೇಡಿದವಳು ಜಾಲಂಧ್ರದ ಕಡೆ ಮುಖ ಮಾಡಿದಳು.

"ಅಪ್ಪನ ಆಡು ಆಕವ್ವ," ಎಂದಳು. "ಇನ್ನೊಂಚೂರು ಬಾಕಿ ಐತೆ."